ಇಲ್ಲದ ಸ್ಮಶಾನದ ನೆನಪು

ವಿಯೆನ್ನಾದ ಮನೋವೈದ್ಯ ಆಲ್ಫ್ರೆಡ್ ಆಡ್ಲರ್ ತಮ್ಮ ಬಾಲ್ಯದ ಒಂದು ನೆನಪನ್ನು ಹೇಳುತ್ತಿದ್ದರು. ಐದು ವರ್ಷದವನಾಗಿದ್ದಾಗ ಶಾಲೆಯ ದಾರಿಯಲ್ಲಿ ಸ್ಮಶಾನ ದಾಟಬೇಕಿತ್ತು. ಜೊತೆಯ ಹುಡುಗರು ಆರಾಮಾಗಿ ನಡೆದುಬಿಡುತ್ತಿದ್ದರು, ಇವನಿಗೆ ಮಾತ್ರ ಎದೆ ಡವಡವ. ಒಂದು ದಿನ ಹೆದರಿಕೆಯನ್ನು ಮುಗಿಸಿಯೇ ಬಿಡಬೇಕೆಂದು, ಅದು ಇಳಿಯುವ ತನಕ ಸ್ಮಶಾನದಲ್ಲಿ ಅತ್ತಿಂದಿತ್ತ ಓಡಾಡಿದ. ಮೂವತ್ತೈದರ ಹೊತ್ತಿಗೆ ಹಳೆಯ ಸಹಪಾಠಿಯೊಬ್ಬ ಸಿಕ್ಕಾಗ ಆಡ್ಲರ್ ಆ ಮಾತೆತ್ತಿದರು. ಆ ದಾರಿಯಲ್ಲಿ ಸ್ಮಶಾನವೇ ಇರಲಿಲ್ಲವೆಂದು ಗೆಳೆಯ ಹೇಳಿದ.

ಆದರೂ ಆ ನೆನಪಿಗೆ ಬೆಲೆಯಿದೆ ಎಂದೇ ಆಡ್ಲರ್ ನಂಬಿದ್ದರು. ಸಾವಿನ ಭಯವನ್ನು ಗೆಲ್ಲಬೇಕೆಂಬ ಹುಡುಗನ ಹಂಬಲ ಅದರಲ್ಲಿ ಕಾಣುತ್ತದಲ್ಲ! ತಮ್ಮ ಬಳಿ ಬಂದವರನ್ನೂ ಅವರು ಮೊದಲ ನೆನಪು ಯಾವುದೆಂದು ಕೇಳುತ್ತಿದ್ದರು. ಸಾವಿರಾರು ಘಟನೆಗಳಲ್ಲಿ ಮನಸ್ಸು ಒಂದನ್ನೇ ಏಕೆ ಕಾಪಾಡಿಕೊಂಡಿತು ಎಂಬುದು ಅವರ ಕುತೂಹಲ.

ಮೊದಲ ನೆನಪುಗಳು ಹೀಗೆ ಕೈಕೊಡುವುದು ಅಪರೂಪವೇನಲ್ಲ. ಮಕ್ಕಳ ಮನಸ್ಸನ್ನೇ ಜೀವನವಿಡೀ ಅಧ್ಯಯನ ಮಾಡಿದ ಜೀನ್ ಪಿಯಾಜೆಗೆ, ಪ್ಯಾರಿಸ್ಸಿನಲ್ಲಿ ತನ್ನನ್ನು ಅಪಹರಿಸಲು ಬಂದವನೊಡನೆ ದಾದಿ ಸೆಣಸಿದ್ದು, ಅವಳ ಮುಖದ ಗೀರುಗಳು ಎಲ್ಲವೂ ಕಣ್ಣಿಗೆ ಕಟ್ಟಿದಂತಿತ್ತು. ಅವರಿಗೆ ಹದಿನೈದಾದಾಗ ದಾದಿಯ ಪತ್ರ ಬಂತು. ಅದು ತಾನೇ ಹೆಣೆದ ಕಥೆಯೆಂದು ಒಪ್ಪಿಕೊಂಡು, ಬಹುಮಾನವಾಗಿ ಸಿಕ್ಕಿದ್ದ ಗಡಿಯಾರವನ್ನೂ ಅವಳು ಮರಳಿಸಿದ್ದಳು. ಮನೆಯವರು ಹೇಳಿದ್ದನ್ನು ಕೇಳಿ ಕೇಳಿಯೇ ಬಾಲಕನಲ್ಲಿ ಚಿತ್ರ ಮೂಡಿತ್ತು.

ಹೆಚ್ಚಿನವರ ಮೊದಲ ನೆನಪು ಮೂರು, ಮೂರೂವರೆ ವಯಸ್ಸಿನದು. ಅದಕ್ಕೂ ಮೊದಲಿನದನ್ನು ಮಕ್ಕಳು ಗ್ರಹಿಸುವುದೇ ಇಲ್ಲ ಎಂದಲ್ಲ, ಗ್ರಹಿಸಿದ್ದು ಉಳಿಯುವುದಿಲ್ಲ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಬಾವರ್ ಮತ್ತು ಮರೀನಾ ಲಾರ್ಕಿನಾ ಮೂರು ವರ್ಷದ ಮಕ್ಕಳು ತಾಯಂದಿರೊಡನೆ ಮಾತಾಡಿದ ಘಟನೆಗಳನ್ನು ದಾಖಲಿಸಿ, ವರ್ಷಗಳ ನಂತರ ಮತ್ತೆ ಕೇಳಿದರು. ಏಳನೇ ವಯಸ್ಸಿನವರೆಗೂ ಶೇ. 60ಕ್ಕಿಂತ ಹೆಚ್ಚು ಉಳಿದಿತ್ತು. ಎಂಟು, ಒಂಬತ್ತಕ್ಕೆ ಬರುವಷ್ಟರಲ್ಲಿ ಸುಮಾರು ಶೇ. 35ಕ್ಕೆ ಇಳಿದಿತ್ತು.

ಉಳಿದ ನೆನಪಿಗೆ ಆಡ್ಲರ್ ನಂಬಿದಂತೆ ಅರ್ಥವಿದೆ ಎಂದಾದರೆ, ದುಃಖದ ನೆನಪೇ ಮೊದಲು ಬರುವವರ ಬಾಲ್ಯ ದುಃಖದ್ದೇ ಆಗಿತ್ತೇ? ಹಾಗೆ ತೀರ್ಪು ಕೊಡಬಾರದು. ಮನಸ್ಸು ಕುಗ್ಗಿದ್ದಾಗ ಕಹಿ ನೆನಪುಗಳು ತಾವಾಗಿ ಮುಂದೆ ಬರುತ್ತವೆ. ಬಾಲ್ಯದಷ್ಟೇ ಈ ಹೊತ್ತಿನ ಮನಸ್ಥಿತಿಯೂ ಅಲ್ಲಿ ಮಾತಾಡುತ್ತದೆ. ನನಗೆ ಹೆಚ್ಚು ಮುಖ್ಯವೆನಿಸುವುದು ನೆನಪಿನ ವಿಷಯಕ್ಕಿಂತ ಅದನ್ನು ಹೇಳುವ ಬಗೆ. 1986ರಲ್ಲಿ ಬ್ರಿಟನ್ನಿನ ಮಾರ್ಕ್ ವಿಲಿಯಮ್ಸ್ ಮತ್ತು ಕೀತ್ ಬ್ರಾಡ್‌ಬೆಂಟ್, ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರಿಗೆ ಒಂದೊಂದು ಪದ ಕೊಟ್ಟು ಅದಕ್ಕೆ ಸಂಬಂಧಿಸಿದ ನಿರ್ದಿಷ್ಟ ಘಟನೆ ಕೇಳಿದರು. ಇಂಥ ದಿನ, ಇಂಥ ಜಾಗ ಎಂದು ಹೇಳಲು ಅವರಿಗೆ ಕಷ್ಟವಾಯಿತು; ಉತ್ತರಗಳು ಒಟ್ಟಾರೆ ಮಾತಿನಲ್ಲೇ ನಿಂತವು. ಖಿನ್ನತೆಯಲ್ಲೂ ಇದೇ ಲಕ್ಷಣ ಮತ್ತೆ ಮತ್ತೆ ಕಂಡಿದೆ.

ಹಾಗಾದರೆ ವಿವರವಾಗಿ ನೆನೆಯುವುದನ್ನು ನಾವು ಕಲಿಯುವುದು ಎಲ್ಲಿ? ಅಮ್ಮ, ಅಪ್ಪ, ಅಜ್ಜಿಯರ ಜೊತೆಗಿನ ಮಾತಿನಲ್ಲಿ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದ ಸಂಶೋಧಕರು ಮಾವೊರಿ ಜನರ ಮೊದಲ ನೆನಪು ಸರಾಸರಿ ಎರಡು ವರ್ಷ ಎಂಟು ತಿಂಗಳಿನದು ಎಂದು ಕಂಡುಕೊಂಡರು. ಹಿರಿಯರ ಬಾಯಲ್ಲಿ ಗತಕಾಲ ಸದಾ ಜೀವಂತವಾಗಿರುವ ಸಮುದಾಯವದು. ಅಲ್ಲಿಯೇ ಎಲೇನ್ ರೀಸ್ ಪುಟ್ಟ ಮಕ್ಕಳಿದ್ದ 115 ತಾಯಂದಿರೊಡನೆ ಪ್ರಯೋಗ ಮಾಡಿದರು. ಕೆಲವರಿಗೆ ಮಾತ್ರ ಹಳೆಯ ಘಟನೆಗಳನ್ನು ಮಗುವಿನೊಡನೆ ಬಿಡಿಸಿ ಮಾತಾಡುವ ತರಬೇತಿ ಸಿಕ್ಕಿತು. "ಆನೆ ನೋಡಿದೆವು ಅಲ್ವಾ?" ಎಂದು ಕೇಳಿದರೆ ಮಗು "ಹೂಂ" ಅಂದು ಮುಗಿಸುತ್ತದೆ. "ಆನೆ ಸೊಂಡಿಲಲ್ಲಿ ಏನು ಮಾಡ್ತು? ನಿಂಗೆ ಅಳು ಯಾಕೆ ಬಂತು?" ಎಂದರೆ ಮಗು ಯೋಚಿಸುತ್ತದೆ, ಅರೆಬರೆ ಪದಗಳಲ್ಲಿ ಅದು ಹೇಳಿದ್ದಕ್ಕೆ ಅಮ್ಮ ಇನ್ನೊಂದು ಎಳೆ ಸೇರಿಸುತ್ತಾಳೆ.

ಆ ಮಕ್ಕಳು ಹದಿಹರೆಯಕ್ಕೆ ಬಂದಾಗ ತಂಡ ಮತ್ತೆ ಅವರನ್ನು ಕಂಡಿತು. ತರಬೇತಿ ಪಡೆದ ತಾಯಂದಿರ ಮಕ್ಕಳು ಬದುಕಿನ ತಿರುವುಗಳನ್ನು ಕಾರಣ, ಪರಿಣಾಮ ಜೋಡಿಸಿ ಹೇಳುತ್ತಿದ್ದರು. ಅವರಲ್ಲಿ ಖಿನ್ನತೆಯ ಲಕ್ಷಣಗಳೂ ಕಡಿಮೆಯಿದ್ದವು.