ಹಿಮದ ನಡುವೆ ವಸಂತ: ಫಾರ್ಮಿನಲ್ಲಿ ಏನೇನು ನೋಡಬೇಕು?



ಯುಗಾದಿಗೆ ಬಾಗಿಲಿಗೆ ತೋರಣ ಕಟ್ಟುವಾಗ ನಮ್ಮ ಮ್ಯಾಸಚೂಸೆಟ್ಸ್‌ನಲ್ಲಿ ಒಮ್ಮೊಮ್ಮೆ ಹೊರಗೆ ಹಿಮ ಇನ್ನೂ ಬಿದ್ದಿರುತ್ತದೆ. "ಇದೆಂಥ ವಸಂತ ಅಪ್ಪಾ?" ಎಂದು ಮಕ್ಕಳು ಕೇಳಿದರೆ ಒಮ್ಮೆ ಹತ್ತಿರದ ಫಾರ್ಮಿಗೆ ಕರೆದುಕೊಂಡು ಹೋಗಿ. ನಾನು ಸಾಫ್ಟ್‌ವೇರ್ ಇಂಜಿನಿಯರ್, ರೈತನಲ್ಲ. ನಾವು ತರಕಾರಿ ಕೊಳ್ಳುವ ಫಾರ್ಮಿನಲ್ಲಿ ವಾರಾಂತ್ಯಗಳಲ್ಲಿ ಸುತ್ತಾಡಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಮೊದಲ ಗುರುತು ಹಸಿರಲ್ಲ, ಬಕೆಟ್ಟು! ಫೆಬ್ರವರಿ ಕೊನೆಯ ಹೊತ್ತಿಗೆ ಮೇಪಲ್ ಮರಗಳಿಗೆ ಬಕೆಟ್ಟುಗಳೋ ಪ್ಲಾಸ್ಟಿಕ್ ಕೊಳವೆಗಳೋ ಬಂದಿರುತ್ತವೆ. ರಾತ್ರಿ ಸೊನ್ನೆ ಡಿಗ್ರಿಗಿಂತ ಕೆಳಗಿಳಿದಾಗ ಮರದೊಳಗೆ ಒತ್ತಡ ಕುಸಿದು ಬೇರಿನಿಂದ ನೀರು ಮೇಲೇರುತ್ತದೆ. ಹಗಲು ಬಿಸಿಲಿಗೆ ಕರಗಿದಾಗ ಒತ್ತಡ ಹೆಚ್ಚಿ ರಸ ತೊಟ್ಟಿಕ್ಕುತ್ತದೆ. ಬರೀ ಚಳಿ ಸಾಲದು, ಬರೀ ಸೆಕೆಯೂ ಸಾಲದು, ಎರಡೂ ಸರದಿಯಲ್ಲಿ ಬರಬೇಕು. ಸುಮಾರು 40 ಲೀಟರ್ ರಸ ಕುದಿಸಿದರೆ 1 ಲೀಟರ್ ಸಿರಪ್. ಆ ಹಬೆ, ಆ ಸಿಹಿ ವಾಸನೆ ನೋಡಿದರೆ ನಮ್ಮ ಆಲೆಮನೆಯೇ ಸರಿ. ಮೊಗ್ಗು ಉಬ್ಬಿತೆಂದರೆ ರಸದ ರುಚಿ ಕೆಡುತ್ತದೆ, ಅಲ್ಲಿಗೆ ಸೀಸನ್ ಮುಗಿಯಿತು.

ಆಮೇಲೆ ಮರಗಳ ಬುಡ ನೋಡಿ. ಕಪ್ಪು ತೊಗಟೆ ಬಿಸಿಲು ಹೀರಿ ಕಾಯುವುದರಿಂದ ಸುತ್ತಲಿನ ಹಿಮ ಮೊದಲು ಕರಗಿ ಬಳೆಯಂತೆ ನೆಲ ಕಾಣುತ್ತದೆ. ಜೌಗಿನಲ್ಲಿ ಸ್ಕಂಕ್ ಕ್ಯಾಬೇಜ್ ಎಂಬ ಗಿಡದ ಹೂವು ತಾನೇ ಶಾಖ ಹುಟ್ಟಿಸಿಕೊಂಡು ಹಿಮ ಕರಗಿಸಿ ಮೇಲೆ ಬರುತ್ತದೆ. ವಾಸನೆ ಮಾತ್ರ ದೇವರಿಗೇ ಪ್ರೀತಿ! ಕೆರೆಯಂಚಿನ ಆಪಿನ ಮೇಲೆ ಕೂತು ಕೂಗುವ, ಕೆಂಪು ಭುಜದ ಕಪ್ಪು ಹಕ್ಕಿ ರೆಡ್‌ವಿಂಗ್ಡ್ ಬ್ಲ್ಯಾಕ್‌ಬರ್ಡ್. ಗಂಡು ಮೊದಲು ಬಂದು ಜಾಗ ಹಿಡಿಯುತ್ತದೆ, ಹೆಣ್ಣು ಕೆಲವು ವಾರ ತಡ. ಕೊನೆಗೆ ಮಳೆಯ ಸಂಜೆಯಲ್ಲಿ ಪೀಪರ್ ಎಂಬ ಪುಟಾಣಿ ಕಪ್ಪೆಗಳ ಮೇಳ ಶುರು. ಕಣ್ಣು ಮುಚ್ಚಿ ಕೇಳಿದರೆ ಮಲೆನಾಡೇ!

ಇಷ್ಟೆಲ್ಲ ಬೇಗ ಬಂದರೆ ನಮಗೆ ಖುಷಿ, ಹಣ್ಣು ಬೆಳೆಯುವವರಿಗೆ ಮಾತ್ರ ದಿಗಿಲು. ನಮ್ಮ ಕಾಫಿ ಗಿಡದ ಮೊಗ್ಗು ಹೂಮಳೆಗೆ ಕಾದು ಅರಳುತ್ತದೆ. ಇಲ್ಲಿನ ಸೇಬಿನ ಮರ ಮೊದಲು ಚಳಿಯ ಗಂಟೆಗಳನ್ನು ಲೆಕ್ಕ ಹಾಕುತ್ತದೆ, ಅದು ಭರ್ತಿಯಾದ ಮೇಲೆ ಬಿಸಿಲಿನ ಲೆಕ್ಕ. ನಮ್ಮ ಪ್ರೋಗ್ರಾಮಿನಲ್ಲಿರುವಂತೆ ಎರಡು ಕೌಂಟರು! ಆದರೆ ಮುಂದೆ ಬರುವ ಚಳಿಯನ್ನು ಊಹಿಸುವ ಸಾಲು ಅದರಲ್ಲಿಲ್ಲ. ಎದ್ದ ಮೊಗ್ಗು ಚಳಿ ತಡೆಯುವ ಶಕ್ತಿ ಕಳೆದುಕೊಳ್ಳುತ್ತದೆ. 2012ರ ಮಾರ್ಚಿನಲ್ಲಿ ಮಿಷಿಗನ್‌ನಲ್ಲಿ ಬೇಸಿಗೆಯಂಥ ಸೆಕೆ ಬಂತು, ಏಪ್ರಿಲ್‌ನಲ್ಲಿ ಮಂಜು ಕಡಿಯಿತು. ಸೇಬಿನ ಬೆಳೆ ಶೇಕಡಾ 90ರಷ್ಟು ಹೋಯಿತು. ನಮ್ಮ ರಾಜ್ಯದಲ್ಲೂ 2023ರ ಬೆಚ್ಚನೆಯ ಜನವರಿಯ ನಂತರ ಫೆಬ್ರವರಿ 4ರ ಕೊರೆಯುವ ಚಳಿಗೆ ಪೀಚ್ ಮೊಗ್ಗುಗಳು ಸತ್ತವು.

ಹಾಗಾಗಿ ಮೊದಲ ಗುರುತನ್ನು ನೋಡಿದರೆ ಸಾಲದು, ಬರೆದಿಡಬೇಕು. ಇಲ್ಲೇ ಕಾಂಕರ್ಡ್‌ನಲ್ಲಿ ಹೆನ್ರಿ ಡೇವಿಡ್ ಥೋರೋ 1850ರ ದಶಕದಲ್ಲಿ ಯಾವ ಹೂವು ಎಂದು ಅರಳಿತೆಂದು ಗುರುತು ಹಾಕಿಟ್ಟಿದ್ದ. ಬಾಸ್ಟನ್ ವಿಶ್ವವಿದ್ಯಾಲಯದ ರಿಚರ್ಡ್ ಪ್ರಿಮ್ಯಾಕ್ ಮತ್ತು ಸಂಗಡಿಗರು ಅದನ್ನು ಇಂದಿನ ಹೂಗಳೊಂದಿಗೆ ಹೋಲಿಸಿ, ಸಾಮಾನ್ಯ ಗಿಡಗಳು ಸರಾಸರಿ ಒಂದು ವಾರ ಮುಂಚೆ ಅರಳುತ್ತಿವೆಯೆಂದು 2008ರಲ್ಲಿ ತೋರಿಸಿದರು. ಒಬ್ಬನ ಹಳೆಯ ನೋಟ್‌ಬುಕ್ಕಿನಿಂದ ಇಷ್ಟು ತಿಳಿಯಿತು!

ನೀವೂ ಮಕ್ಕಳ ಕೈಗೊಂದು ನೋಟ್‌ಬುಕ್ ಕೊಡಿ. ಮೊದಲ ಬಕೆಟ್ಟು, ಮೊದಲ ಹಕ್ಕಿ, ಮೊದಲ ಕಪ್ಪೆ, ಮೂರಕ್ಕೂ ತಾರೀಖು ಬರೆಸಿ, ಕನ್ನಡದಲ್ಲಿ ಬರೆಸಿದರೆ ಇನ್ನೂ ಚೆನ್ನ. ಫಾರ್ಮಿಗೆ ಹೋಗುವಾಗ ರಬ್ಬರ್ ಬೂಟು ಮರೆಯಬೇಡಿ. ಮಾರ್ಚ್ ಎಂದರೆ ಇಲ್ಲಿ ಕೆಸರಿನ ತಿಂಗಳು!