ಕವಡೆ ಕಲಿಸುವ ಗಣಿತ

ಮುದ್ದೇಬಿಹಾಳದ ಬೇಸಗೆಯ ಒಂದು ಮಧ್ಯಾಹ್ನ. ಬಿಸಿಲಿಗಂಜಿ ಮನೆಯೊಳಗೆ ಕುಳಿತ ನಾವು ಹಾಸುಗಲ್ಲಿನ ಮೇಲೆ ಸೀಮೆಸುಣ್ಣದಿಂದ ಐದೈದರಂತೆ ಇಪ್ಪತ್ತೈದು ಮನೆಗಳನ್ನು ಬರೆದು, ನೆರೆಮನೆಯ ಅಜ್ಜಿಯೊಡನೆ ಮೊದಲ ಸಲ ಚೌಕಾಬಾರ ಆಡಿದೆವು. ಭೌತಶಾಸ್ತ್ರವನ್ನು ಬೋಧಿಸುವ ನಾವು ಮೂರು ಆಟಗಳಲ್ಲಿಯೂ ಸೋತೆವು. “ಒಂದಕ್ಕೂ ಸಿಗಬ್ಯಾಡ, ಎರಡಕ್ಕೂ ಸಿಗಬ್ಯಾಡ, ತಮ್ಮಾ” ಎಂಬುದು ಅಜ್ಜಿಯ ಉಪದೇಶ. ಸೋಲಿಗೆ ಅದೃಷ್ಟವೊಂದೇ ಕಾರಣವೋ? ಪರಿಶೀಲಿಸೋಣ.

ಆಟದ ನಿಯಮಗಳು ಸರಳ. ನಾಲ್ಕು ಕವಡೆಗಳನ್ನು ಎಸೆದಾಗ ಬಾಯಿ ಮೇಲಾಗಿ ಬಿದ್ದವುಗಳ ಎಣಿಕೆಯೇ ಗರ. ನಾಲ್ಕೂ ಬಾಯಿ ಮೇಲಾದರೆ ನಾಲ್ಕು, ಅಂದರೆ ಚೌಕ. ನಾಲ್ಕೂ ಬೋರಲಾದರೆ ಎಂಟು, ಅಂದರೆ ಬಾರ. ಇವೆರಡಕ್ಕೂ ಮತ್ತೊಂದು ಎಸೆತ ದೊರೆಯುವುದು. ಕಾಯಿಗಳು ಹೊರಸುತ್ತಿನ 16 ಮನೆಗಳನ್ನೂ ಒಳಸುತ್ತಿನ 8 ಮನೆಗಳನ್ನೂ ದಾಟಿ ನಡುಮನೆಯನ್ನು ಸೇರಬೇಕು. ಕಾಟು ಹಾಕದ ಮನೆಯಲ್ಲಿ ಒಂಟಿಯಾಗಿರುವ ಕಾಯಿಯ ಮೇಲೆ ಎದುರಾಳಿಯ ಕಾಯಿ ಬಂದರೆ, ಅದು ಸತ್ತು ಮೊದಲ ಮನೆಗೆ ಹಿಂದಿರುಗುತ್ತದೆ.

ಹೊಸಬನು ತನ್ನ ಬೆನ್ನಿಗೇ ನಿಂತ ಕಾಯಿಗೆ ಹೆಚ್ಚಾಗಿ ಅಂಜುತ್ತಾನೆ. ಅದು ಸರಿಯೆ? ಒಂದು ಕವಡೆ ಎರಡು ವಿಧವಾಗಿ ಬೀಳಬಲ್ಲದಾದ್ದರಿಂದ ನಾಲ್ಕು ಕವಡೆಗಳು 2×2×2×2, ಅಂದರೆ 16 ವಿಧವಾಗಿ ಬೀಳಬಲ್ಲವು. ಇವುಗಳಲ್ಲಿ ಒಂದು ಬೀಳುವುದು 4 ವಿಧ. ಎರಡು, 6 ವಿಧ. ಮೂರು, 4 ವಿಧ. ನಾಲ್ಕು ಮತ್ತು ಎಂಟು, ತಲಾ ಒಂದೇ ವಿಧ. ಹೆಚ್ಚುವರಿ ಎಸೆತವನ್ನು ಸದ್ಯಕ್ಕೆ ಬಿಟ್ಟರೆ, ಅತ್ಯಂತ ಅಪಾಯಕಾರಿಯಾದ ದೂರ ಒಂದು ಮನೆಯಲ್ಲ, ಎರಡು ಮನೆ.

ಪಶ್ಚಿಮ ದೇಶಗಳ ಬ್ಯಾಕ್‌ಗ್ಯಾಮನ್ ಆಟದಲ್ಲಿಯೂ ಹೀಗೆಯೇ. ಅಲ್ಲಿ ಎರಡು ದಾಳಗಳು 36 ವಿಧವಾಗಿ ಬೀಳುತ್ತವೆ. ನಡುವೆ ತಡೆಯಿಲ್ಲದಿದ್ದರೆ, ಒಂದು ಮನೆ ದೂರದ ಒಂಟಿ ಕಾಯಿಗೆ 11 ವಿಧಗಳಿಂದ ಪೆಟ್ಟು ಬೀಳಬಹುದು. ಆರು ಮನೆ ದೂರದ್ದಕ್ಕೆ 17. ಏಳು ಮನೆಯಾದರೆ ಕೇವಲ 6. ಜೂಜಿನ ಇಂತಹ ಪ್ರಶ್ನೆಗಳ ಬಗೆಗೆ 1654ರಲ್ಲಿ ಪ್ಯಾಸ್ಕಲ್ ಮತ್ತು ಫರ್ಮಾ ಬರೆದುಕೊಂಡ ಪತ್ರಗಳಿಂದಲೇ ಸಂಭವನೀಯತೆಯ ಗಣಿತವು ಬೆಳೆಯಿತು.

ಹಾಗಾದರೆ ಅಜ್ಜಿ ಒಂದಕ್ಕೂ ಎರಡಕ್ಕೂ ಸಮನಾಗಿ ಅಂಜಿದ್ದೇಕೆ? ತಪ್ಪು ಅಜ್ಜಿಯದಲ್ಲ, ನಮ್ಮದು. ಕವಡೆಯು ಎರಡೂ ಬಗೆಯಲ್ಲಿ ಸಮನಾಗಿ ಬೀಳುವುದೆಂದು ನಾವು ಕೇಳದೆಯೇ ಒಪ್ಪಿಕೊಂಡಿದ್ದೆವು. ಕವಡೆಯ ಬಾಯಿಯ ಕಡೆ ಚಪ್ಪಟೆ, ಬೆನ್ನು ಉಬ್ಬು. ಎರಡೂ ಬದಿಗಳು ಒಂದೇ ತೆರನಾಗಿಲ್ಲದ ವಸ್ತು ಸಮನಾಗಿಯೇ ಬೀಳಬೇಕೆಂಬ ನಿಯಮವೇನೂ ಇಲ್ಲ. ಹತ್ತು ಸಲಕ್ಕೆ ನಾಲ್ಕೇ ಸಲ ಬಾಯಿ ಮೇಲಾಗುವ ಕವಡೆಗಳನ್ನು ಊಹಿಸಿಕೊಳ್ಳಿ. ಆಗ ಸರಾಸರಿಯಾಗಿ 10,000 ಎಸೆತಗಳಲ್ಲಿ ಒಂದು 3,456 ಸಲ ಬೀಳುವುದು, ಎರಡೂ 3,456 ಸಲ, ಮೂರು 1,536, ನಾಲ್ಕು 256, ಎಂಟು 1,296 ಸಲ. ಒಂದಕ್ಕೂ ಎರಡಕ್ಕೂ ಭೇದವೇ ಉಳಿಯದು! ಬಾರವಂತೂ ಚೌಕದ ಐದು ಪಟ್ಟು.

ವಿದ್ಯಾರ್ಥಿಗಳು ಮನೆಯ ಕವಡೆಗಳನ್ನು ಪರೀಕ್ಷಿಸಿ ನೋಡಬಹುದು. ಒಂದೇ ಕವಡೆಯನ್ನು 200 ಸಲ ಎಸೆದು, ಬಾಯಿ ಮೇಲಾದುದನ್ನು ಎಣಿಸಿರಿ. ಎಣಿಕೆ 86ರಿಂದ 114ರೊಳಗಿದ್ದರೆ ಕವಡೆಯನ್ನು ದೂರಲು ಸಾಕಷ್ಟು ಆಧಾರವಿಲ್ಲ. ಆ ಏರುಪೇರು ಸಹಜವೇ. 80ರ ಆಸುಪಾಸಿನಲ್ಲಿದ್ದರೆ ಸಂಶಯಕ್ಕೆ ಎಡೆಯುಂಟು. ಒಂದು ಬದಿಯನ್ನು ಕಲ್ಲಿಗೆ ಉಜ್ಜಿದ ಹುಣಸೆಬೀಜಗಳಿಂದ ಆಡುವವರೂ ಹೀಗೆಯೇ ಎಣಿಸಿ ನೋಡಲಿ.

ಮುಂದಿನ ಗರ ಯಾವುದೆಂದು ಗಣಿತವು ಹೇಳಲಾರದು. ಕಾಯಿಯನ್ನು ಎಲ್ಲಿ ಇಡಬಾರದೆಂದು ಮಾತ್ರ ಹೇಳಬಲ್ಲದು. ಅದೇ ಕವಡೆಗಳಿಂದ ಬಹುಕಾಲ ಆಡಿದ ಅಜ್ಜಿಗೆ, ಕಾಗದದ ಮೇಲೆ ಒಂದು ಅಂಕಿಯನ್ನೂ ಬರೆಯದೆ, ಅಷ್ಟು ತಿಳಿದಿತ್ತು.