ಕೋರ್ಟಿನ ಬಾಗಿಲಲ್ಲೇ ತಿರುಗಿದ ದಾರಿ

1974ರ ಮೇ ತಿಂಗಳ ಒಂದು ರಾತ್ರಿ. ಕೆನಡಾದ ಎಲ್ಮೈರಾ ಎಂಬ ಪುಟ್ಟ ಊರಿನಲ್ಲಿ ಕುಡಿದ ಅಮಲಿನಲ್ಲಿದ್ದ ಇಬ್ಬರು ಹುಡುಗರು ಕಾರುಗಳ ಟೈರು ಕೊಯ್ದರು, ಕಿಟಕಿ ಗಾಜು ಪುಡಿ ಮಾಡಿದರು. ಬೆಳಗಾಗುವಷ್ಟರಲ್ಲಿ 22 ಕಡೆ ಹಾನಿಯಾಗಿತ್ತು. ಪ್ರೊಬೇಷನ್ ಅಧಿಕಾರಿ ಮಾರ್ಕ್ ಯಾಂಟ್ಸಿ ನ್ಯಾಯಾಧೀಶರಿಗೆ ಹೇಳಿದ್ದು ಇಷ್ಟೇ: ಹಾನಿಯಾದ ಮನೆಗಳಿಗೆ ಇವರೇ ಹೋಗಿ ಮುಖ ತೋರಿಸಲಿ. ಹುಡುಗರು ಬಾಗಿಲು ತಟ್ಟಿ, ತಪ್ಪೊಪ್ಪಿಕೊಂಡು, ನಷ್ಟದ ಲೆಕ್ಕ ಬರೆದುಕೊಂಡು, ಕೆಲವೇ ತಿಂಗಳಲ್ಲಿ ಹಣ ತುಂಬಿಕೊಟ್ಟರು. ಜೈಲಿಗಿಂತ ಆ ಬಾಗಿಲುಗಳೇ ಭಾರವೆನಿಸಿರಬೇಕು.

ಅವರು ಕೋರ್ಟಿನ ಮುಂದೆ ನಿಂತಾಗಿತ್ತು. ಅಲ್ಲಿಗೂ ಕಳಿಸದೆ, ಎಚ್ಚರಿಕೆ, ಕೌನ್ಸೆಲಿಂಗ್, ನಷ್ಟಭರ್ತಿ, ಸಮುದಾಯ ಸೇವೆಯ ಕಡೆ ಮಕ್ಕಳನ್ನು ತಿರುಗಿಸುವ ಕ್ರಮಕ್ಕೆ ‘ಡೈವರ್ಷನ್’ ಎನ್ನುತ್ತಾರೆ.

ಬಿಟ್ಟು ಕಳಿಸಿದರೆ ಹುಡುಗ ಕೆಡುವುದಿಲ್ಲವೇ? ಅಮೆರಿಕದಲ್ಲಿ ಎಲಿಜಬೆತ್ ಕಾಫ್‌ಮನ್ ಮತ್ತು ಸಂಗಡಿಗರು ಇದನ್ನೇ ಅಳೆಯಹೊರಟರು. ಕ್ಯಾಲಿಫೋರ್ನಿಯಾ, ಲೂಸಿಯಾನಾ, ಪೆನ್ಸಿಲ್ವೇನಿಯಾಗಳಲ್ಲಿ ಮೊದಲ ಬಾರಿ ಸಿಕ್ಕಿಬಿದ್ದ 1,216 ಹುಡುಗರನ್ನು ಐದು ವರ್ಷ ಹಿಂಬಾಲಿಸಿದರು. ತಪ್ಪು ಹೆಚ್ಚುಕಡಿಮೆ ಒಂದೇ ಬಗೆಯದು. ಕೆಲವರು ಕೋರ್ಟಿಗೆ ಹೋದರು, ಕೆಲವರು ಹೋಗಲಿಲ್ಲ. 2021ರಲ್ಲಿ ಪ್ರಕಟವಾದ ಫಲಿತಾಂಶ ಬೆತ್ತ ನೆಚ್ಚಿದವರಿಗೆ ರುಚಿಸುವಂಥದ್ದಲ್ಲ. ಕೋರ್ಟು ಕಂಡವರೇ ಹೆಚ್ಚು ಮರುಬಂಧನಕ್ಕೊಳಗಾದರು, ಹೊಡೆದಾಟದಲ್ಲೂ ಅವರದೇ ಮೇಲುಗೈ. ಶಾಲೆಯಲ್ಲಿ ಉಳಿದವರು ಅವರಲ್ಲಿ ಕಡಿಮೆ.

ಇದು ಒಂಟಿ ಸಾಕ್ಷ್ಯವೇನಲ್ಲ. ಆಂಥೊನಿ ಪೆಟ್ರೊಸಿನೊ ತಂಡ 2010ರಲ್ಲಿ ಒಟ್ಟುಗೂಡಿಸಿದ 29 ಪ್ರಯೋಗಗಳಲ್ಲಿ 7,304 ಮಕ್ಕಳಿದ್ದರು. ವಿಚಾರಣೆಯಿಂದ ಅಪರಾಧ ತಗ್ಗಿದ್ದು ಅಲ್ಲೂ ಕಾಣಲಿಲ್ಲ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹದಿಹರೆಯದ ಪುಂಡಾಟ ಬಹುಪಾಲು ವಯಸ್ಸಿನೊಂದಿಗೆ ತಾನೇ ಕಳಚುತ್ತದೆ. ಆದರೆ ವಿಚಾರಣೆ ಎಂದರೆ ಪಾಠ ತಪ್ಪುವುದು, ಹೊಸ ‘ಗೆಳೆಯರು’ ಸಿಗುವುದು. ‘ಕಳ್ಳ’ ಎಂದು ಬೀದಿಯವರೆಲ್ಲ ಕರೆದ ಮೇಲೆ ಆ ಹೆಸರು ಹುಡುಗನ ಮೈಗೇ ಅಂಟಿಬಿಡುತ್ತದೆ.

ಡೈವರ್ಷನ್ನಿಗೂ ಒಂದು ಹುಳುಕಿದೆ. ಗದರಿಸಿ ಮನೆಗೆ ಕಳಿಸಿದರೆ ಸಾಕಾಗುತ್ತಿದ್ದ ಮಗುವನ್ನೂ ಕಾರ್ಯಕ್ರಮ ಇದೆಯೆಂಬ ಒಂದೇ ಕಾರಣಕ್ಕೆ ವಾರಗಟ್ಟಲೆ ಅಲೆದಾಡಿಸುತ್ತಾರೆ. ಬಲೆ ದೊಡ್ಡದಾದರೆ ಸಣ್ಣ ಮೀನೂ ಸಿಕ್ಕಿಬೀಳುತ್ತದೆ.

ಭಾರತದ 2015ರ ಬಾಲನ್ಯಾಯ ಕಾಯ್ದೆ ಡೈವರ್ಷನ್ನನ್ನು ತನ್ನ ಮೂಲತತ್ವಗಳಲ್ಲೇ ಸೇರಿಸಿದೆ. 2016ರ ಮಾದರಿ ನಿಯಮಗಳು ಇನ್ನೂ ಸ್ಪಷ್ಟ: ಘೋರ ಅಪರಾಧ ಅಥವಾ ವಯಸ್ಕರೊಂದಿಗೆ ಸೇರಿ ಮಾಡಿದ ಅಪರಾಧವಲ್ಲದಿದ್ದರೆ ಮಗುವಿನ ಮೇಲೆ ಎಫ್‌ಐಆರ್ ಹಾಕುವಂತಿಲ್ಲ. ಠಾಣೆಯ ದಿನಚರಿ ಪುಸ್ತಕದಲ್ಲಿ ಬರೆದು, ಮನೆಯ ಹಿನ್ನೆಲೆಯ ವರದಿಯೊಂದಿಗೆ ಬಾಲನ್ಯಾಯ ಮಂಡಳಿಗೆ ಕಳಿಸಬೇಕು. ಮಗನನ್ನು ಠಾಣೆಗೆ ಕರೆದೊಯ್ದಿದ್ದಾರೆಂದು ಗಾಬರಿಯಿಂದ ಓಡುವ ಅಪ್ಪ ಅಮ್ಮ ಇದನ್ನು ಧೈರ್ಯವಾಗಿ ಕೇಳಬಹುದು.